ಆಯಿಲ್ ರಿಪೋರ್ಟ್ ನಾರ್ಮಲ್ ಬಂದರೆ ಎಂಜಿನ್ ಚೆನ್ನಾಗಿದೆ ಅಂತಲೇ ಅರ್ಥವೇ?

2025ರ ಏಪ್ರಿಲ್‌ನಲ್ಲಿ ಜನರಲ್ ಮೋಟಾರ್ಸ್ ಕಂಪನಿ ದೊಡ್ಡದೊಂದು ರೀಕಾಲ್ ಘೋಷಿಸಿತು, ಅಂದರೆ ದೋಷವಿರಬಹುದಾದ ವಾಹನಗಳನ್ನು ಸರಿಪಡಿಸಲು ವಾಪಸ್ ಕರೆಸಿತು. 6.2 ಲೀಟರ್‌ನ ವಿ8 ಪೆಟ್ರೋಲ್ ಎಂಜಿನ್ ಇರುವ, 2021ರಿಂದ 2024ರವರೆಗಿನ ಮಾಡೆಲ್‌ನ ಪಿಕಪ್ ಮತ್ತು ಎಸ್‌ಯುವಿಗಳಿಗೆ ಅದು ಅನ್ವಯ. ಅಮೆರಿಕ ಒಂದರಲ್ಲೇ ಸುಮಾರು 6 ಲಕ್ಷ ವಾಹನಗಳು. ಪಿಸ್ಟನ್ನಿನ ಏರಿಳಿತವನ್ನು ತಿರುಗಾಟವಾಗಿಸುವ ಕ್ರ್ಯಾಂಕ್‌ಶಾಫ್ಟ್, ಅಥವಾ ಅದನ್ನು ಪಿಸ್ಟನ್ನಿಗೆ ಜೋಡಿಸುವ ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಕೆಟ್ಟು, ಓಡುತ್ತಿರುವಾಗಲೇ ಎಂಜಿನ್ ನಿಂತುಬಿಡಬಹುದು ಎನ್ನುವುದು ದೋಷ.

ಜನ ತಲೆ ಕೆರೆದುಕೊಂಡದ್ದು ದೋಷದ ಬಗ್ಗೆ ಅಲ್ಲ, ಪರಿಹಾರದ ಬಗ್ಗೆ. ಪರಿಶೀಲನೆಯಲ್ಲಿ ಫೇಲಾದ ವಾಹನಕ್ಕೆ ಎಂಜಿನ್ ರಿಪೇರಿ ಅಥವಾ ಹೊಸ ಎಂಜಿನ್. ಸರಿ, ಅದು ಅರ್ಥವಾಗುತ್ತದೆ. ಪಾಸಾದ ವಾಹನಕ್ಕೆ? 0ಡಬ್ಲ್ಯೂ-20 ದರ್ಜೆಯ ಆಯಿಲ್ ತೆಗೆದು (ಕೊನೆಯ ಅಂಕಿ ದೊಡ್ಡದಾದಷ್ಟೂ ಆಯಿಲ್ ದಪ್ಪ) ದಪ್ಪನೆಯ 0ಡಬ್ಲ್ಯೂ-40 ಆಯಿಲ್ ಹಾಕುವುದು, ಜೊತೆಗೆ ಹೊಸ ಫಿಲ್ಟರ್ ಮತ್ತು ಹೊಸ ಆಯಿಲ್ ಮುಚ್ಚಳ. ಲೋಹದ ದೋಷಕ್ಕೆ ಆಯಿಲ್ ಬದಲಿಸಿದರೆ ಸಾಕಾ? ಇವತ್ತು ಪಾಸಾದ ಎಂಜಿನ್ ನಾಳೆ ಹೇಗಿರುತ್ತದೆ ಅಂತ ಗೊತ್ತಾಗುವುದು ಹೇಗೆ?

ಇಂಥ ಪ್ರಶ್ನೆ ಎದ್ದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: "ಹಳೆ ಆಯಿಲನ್ನು ಲ್ಯಾಬಿಗೆ ಕಳಿಸಿ, ಒಳಗೆ ಏನಾಗ್ತಿದೆ ಅಂತ ಅದೇ ಹೇಳುತ್ತೆ." ಸಲಹೆಯಲ್ಲಿ ಹುರುಳಿದೆ. ಆದರೆ ಅದರ ಮೇಲೆ ಜನ ಹೊರಿಸುವ ಭಾರ ಮಾತ್ರ ಜಾಸ್ತಿ.

ದಪ್ಪ ಆಯಿಲಿನ ಲೆಕ್ಕ

ಮೊದಲು ಬೇರಿಂಗ್ ವಿಷಯ ನೋಡೋಣ. ಕ್ರ್ಯಾಂಕ್‌ಶಾಫ್ಟ್ ತಿರುಗುವಾಗ ಬೇರಿಂಗಿಗೆ ನೇರವಾಗಿ ತಾಗುವುದಿಲ್ಲ. ನಡುವೆ ಆಯಿಲಿನ ಪದರ ಇರುತ್ತದೆ, ಶಾಫ್ಟ್ ಅದರ ಮೇಲೆ ತೇಲುತ್ತದೆ. ಭಾರ ಜೋರಾಗಿ ಬೀಳುವ ಜಾಗದಲ್ಲಿ ಈ ಪದರ ಒಂದು ಮೈಕ್ರಾನ್ ಆಸುಪಾಸಿಗೆ ತೆಳುವಾಗುತ್ತದೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅದನ್ನು ಎಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟೋ ಅಷ್ಟು.

ಶಾಫ್ಟಿನ ಮೈ ಕನ್ನಡಿಯಂತೆ ನುಣುಪಾಗಿದ್ದರೆ ಈ ಪದರ ಸಾಕು. ನುಣುಪು ಕಡಿಮೆಯಾಗಿ, ಮೇಲೆದ್ದ ತುದಿಗಳು ಪದರಕ್ಕಿಂತ ಎತ್ತರವಾದರೆ ಲೋಹಕ್ಕೆ ಲೋಹ ತಾಗುತ್ತದೆ. ಜನರಲ್ ಮೋಟಾರ್ಸ್ ಹೇಳಿದ ಕಾರಣಗಳಲ್ಲಿ ಎರಡು ಇವು: ಆಯಿಲ್ ಹರಿಯುವ ದಾರಿಯಲ್ಲಿ ಉಳಿದುಹೋದ ಕಸ, ಮತ್ತು ಅಳತೆಯಲ್ಲೋ ನುಣುಪಿನಲ್ಲೋ ಹೆಚ್ಚುಕಡಿಮೆ ಇರುವ ಕ್ರ್ಯಾಂಕ್‌ಶಾಫ್ಟ್.

ದಪ್ಪ ಆಯಿಲ್ ಹಾಕಿದರೆ ಪದರ ದಪ್ಪಗಾಗುತ್ತದೆ. 20ರ ದರ್ಜೆಯ ಆಯಿಲಿಗೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ದಪ್ಪತನ, 6.9ರಿಂದ 9.3 ಸೆಂಟಿಸ್ಟೋಕ್ಸ್ (ಸ್ನಿಗ್ಧತೆಯ ಅಳತೆ) ಒಳಗಿರಬೇಕು. 40ರ ದರ್ಜೆಗೆ 12.5ರಿಂದ 16.3. ಅಂದರೆ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಶಾಫ್ಟಿನ ಮೈ ಇದರಿಂದ ಸರಿಯಾಗುವುದಿಲ್ಲ, ತುದಿಗಳಿಗೂ ಬೇರಿಂಗಿಗೂ ನಡುವಿನ ಅಂತರ ಮಾತ್ರ ಹೆಚ್ಚುತ್ತದೆ. ಇದಕ್ಕೆ ತೆರಬೇಕಾದ ಬೆಲೆ ಮೈಲೇಜ್. ತೆಳು ಆಯಿಲ್ ಬಂದಿದ್ದೇ ಇಂಧನ ಉಳಿಸುವುದಕ್ಕೆ ತಾನೆ.

ಇಷ್ಟರಿಂದ ಆಯಿಲ್ ಬದಲಿಸಿದ್ದರ ತರ್ಕ ಸಿಗುತ್ತದೆ. ತನ್ನ ಎಂಜಿನ್ನಿನ ಶಾಫ್ಟ್ ಯಾವ ಜಾತಿಯದು ಎಂದು ತಿಳಿಯಲು ಮಾಲೀಕನಿಗೆ ದಾರಿ ಸಿಗುವುದಿಲ್ಲ. ಅದಕ್ಕೇ ಎಲ್ಲರ ಕಣ್ಣು ಲ್ಯಾಬಿನ ಕಡೆ.

ಕಿಡಿಯಲ್ಲಿ ಕಾಣುವ ಬಣ್ಣ

ಉಪ್ಪಿನ ಹರಳು ಬೆಂಕಿಗೆ ಬಿದ್ದರೆ ಜ್ವಾಲೆ ಹಳದಿಯಾಗುತ್ತದೆ. ಅದು ಉಪ್ಪಿನೊಳಗಿನ ಸೋಡಿಯಂನ ಬಣ್ಣ. ಪ್ರತಿ ಲೋಹವೂ ಹೀಗೆ ಸುಟ್ಟಾಗ ತನ್ನದೇ ಬಣ್ಣದ ಬೆಳಕು ಬಿಡುತ್ತದೆ. ಆಯಿಲ್ ಪರೀಕ್ಷೆಯ ಬುಡದಲ್ಲಿ ಇರುವುದು ಇಷ್ಟೇ.

ಒಂದು ವಿಧಾನದಲ್ಲಿ ಪುಟ್ಟ ಕಾರ್ಬನ್ ಚಕ್ರವೊಂದು ಹಳೆ ಆಯಿಲಿನಲ್ಲಿ ಅರ್ಧ ಮುಳುಗಿ ತಿರುಗುತ್ತದೆ. ಚಕ್ರದ ಅಂಚಿಗೆ ಅಂಟಿ ಮೇಲೆ ಬಂದ ಆಯಿಲ್ ಮೇಲೆ ವಿದ್ಯುತ್ ಕಿಡಿ ಹಾರಿಸುತ್ತಾರೆ. ಇನ್ನೊಂದು ವಿಧಾನದಲ್ಲಿ ಆಯಿಲನ್ನು ತೆಳು ಮಾಡಿ, ಸಾವಿರಾರು ಡಿಗ್ರಿ ಬಿಸಿಯ ಆರ್ಗಾನ್ ಪ್ಲಾಸ್ಮಾದೊಳಗೆ ಸಿಂಪಡಿಸುತ್ತಾರೆ. ಎರಡರಲ್ಲೂ ಯಂತ್ರ ಓದುವುದು ಬೆಳಕನ್ನು. ಕಬ್ಬಿಣ ಎಷ್ಟು, ತಾಮ್ರ ಎಷ್ಟು, ಸಿಲಿಕಾನ್ ಎಷ್ಟು ಎಂದು ಪಿಪಿಎಂ ಲೆಕ್ಕದಲ್ಲಿ, ಅಂದರೆ ಹತ್ತು ಲಕ್ಷಕ್ಕೆ ಎಷ್ಟು ಭಾಗ ಅಂತ ಬರೆದುಕೊಡುತ್ತದೆ.

ಈ ಪಿಪಿಎಂ ಎಷ್ಟು ಸಣ್ಣದು ಅಂತ ನೋಡಿ. ಐದು ಲೀಟರ್ ಆಯಿಲ್ ಸುಮಾರು ನಾಲ್ಕೂಕಾಲು ಕೆಜಿ ತೂಗುತ್ತದೆ. ಅದರಲ್ಲಿ 20 ಪಿಪಿಎಂ ಕಬ್ಬಿಣ ಇದೆ ಎಂದರೆ ಒಟ್ಟು 85 ಮಿಲಿಗ್ರಾಂ. ಹತ್ತರಲ್ಲಿ ಒಂದು ಗ್ರಾಂ ಕೂಡ ಇಲ್ಲ. ಅಷ್ಟು ಸವೆಯುವಷ್ಟರಲ್ಲಿ ಕಾರು 10,000 ಕಿ.ಮೀ. ಓಡಿದೆ ಅಂದುಕೊಳ್ಳಿ. ಗಂಟೆಗೆ ಸರಾಸರಿ 40 ಕಿ.ಮೀ., ನಿಮಿಷಕ್ಕೆ 2,000 ಸುತ್ತು ಎಂದು ಹಿಡಿದರೆ ಕ್ರ್ಯಾಂಕ್ ಅಷ್ಟರಲ್ಲಿ 3 ಕೋಟಿ ಸುತ್ತು ತಿರುಗಿರುತ್ತದೆ. ಇಷ್ಟು ಸೂಕ್ಷ್ಮವಾದದ್ದನ್ನು ಅಳೆಯಬಹುದು ಅನ್ನುವುದೇ ಈ ಪರೀಕ್ಷೆಯ ಆಕರ್ಷಣೆ.

ಇದು ಹೊಸದೂ ಅಲ್ಲ. 1940ರ ದಶಕದಲ್ಲಿ ಅಮೆರಿಕದ ರೈಲು ಕಂಪನಿಗಳು ಡೀಸೆಲ್ ಲೋಕೋಮೋಟಿವ್‌ಗಳ ಮೇಲೆ ಶುರು ಮಾಡಿದವು. ಮುಂದಿನ ದಶಕದಲ್ಲಿ ಸೇನಾ ವಿಮಾನಗಳಿಗೆ ಬಂತು. ಕಾರಿನವರ ಕೈಗೆ ಸಿಕ್ಕಿದ್ದು ಬಹಳ ತಡವಾಗಿ.

ಯಾವ ಲೋಹ ಎಲ್ಲಿಂದ ಬಂತು?

ಕಬ್ಬಿಣ ಬಂದರೆ ಸಿಲಿಂಡರ್ ಗೋಡೆ, ಕ್ಯಾಮ್, ಕ್ರ್ಯಾಂಕ್, ಟೈಮಿಂಗ್ ಚೈನ್. ಅಲ್ಯೂಮಿನಿಯಂ ಬಂದರೆ ಪಿಸ್ಟನ್. ಕ್ರೋಮಿಯಂ ಬಂದರೆ ಪಿಸ್ಟನ್ ಸುತ್ತಲಿನ ರಿಂಗ್. ತಾಮ್ರ, ಸೀಸ, ತವರ ಬಂದರೆ ಬೇರಿಂಗ್. ರಿಪೋರ್ಟಿನ ಹಿಂಬದಿಯಲ್ಲಿ ಇಂಥ ಪಟ್ಟಿ ಇರುವುದು ವಾಡಿಕೆ. ಓದಲು ಸುಲಭ, ಮೋಸ ಹೋಗಲೂ ಸುಲಭ.

ಸೀಸವನ್ನೇ ತೆಗೆದುಕೊಳ್ಳಿ. ಹಿಂದೆ ಬೇರಿಂಗಿನ ಮೇಲ್ಪದರದಲ್ಲಿ ಸೀಸ ಇರುತ್ತಿತ್ತು. ರಿಪೋರ್ಟಿನಲ್ಲಿ ಸೀಸ ಏರಿದರೆ ಬೇರಿಂಗ್ ಸವೆಯುತ್ತಿದೆ ಎಂದು ಕಣ್ಣುಮುಚ್ಚಿ ಹೇಳಬಹುದಿತ್ತು. ವಾಹನಗಳಲ್ಲಿ ಸೀಸದ ಬಳಕೆಗೆ ಯುರೋಪ್ 2000ದಲ್ಲಿ ಕಡಿವಾಣ ಹಾಕಿತು. ಬೇರಿಂಗ್‌ಗಳಿಗೆ ಸ್ವಲ್ಪ ಕಾಲ ವಿನಾಯಿತಿ ಇತ್ತು, ಆಮೇಲೆ ಅದೂ ಹೋಯಿತು. ಈಗಿನ ಎಷ್ಟೋ ಕಾರುಗಳ ಬೇರಿಂಗಿನಲ್ಲಿ ಸೀಸವೇ ಇಲ್ಲ, ಅಲ್ಯೂಮಿನಿಯಂ ಮತ್ತು ತವರದ ಮಿಶ್ರಣ ಇರುತ್ತದೆ. ಅಂಥ ಎಂಜಿನ್ನಿನ ರಿಪೋರ್ಟಿನಲ್ಲಿ "ಸೀಸ: 0" ಎಂದು ನೋಡಿ ಬೇರಿಂಗ್ ಗಟ್ಟಿಯಾಗಿದೆ ಅಂದುಕೊಂಡರೆ? ಇಲ್ಲದ ಲೋಹ ಎಲ್ಲಿಂದ ಬರಬೇಕು. ಅಲ್ಲಿ ನೋಡಬೇಕಾದದ್ದು ಅಲ್ಯೂಮಿನಿಯಂ. ಅದೋ ಪಿಸ್ಟನ್ನಿನಿಂದಲೂ ಬರುತ್ತದೆ, ಧೂಳಿನಿಂದಲೂ ಬರುತ್ತದೆ.

ತಾಮ್ರದ್ದು ಇನ್ನೊಂದು ಕಥೆ. ಕೆಲವು ಎಂಜಿನ್ನುಗಳ ಆಯಿಲ್ ಕೂಲರ್‌ನಲ್ಲಿ ತಾಮ್ರದ ಭಾಗಗಳಿರುತ್ತವೆ. ಹೊಸದರಲ್ಲಿ ಅಥವಾ ಆಯಿಲ್ ಬ್ರ್ಯಾಂಡ್ ಬದಲಿಸಿದಾಗ ಆಯಿಲಿನ ರಾಸಾಯನಿಕಗಳು ಆ ತಾಮ್ರವನ್ನು ಕರಗಿಸಿಕೊಳ್ಳುತ್ತವೆ. ನೂರಾರು ಪಿಪಿಎಂ ತೋರಿಸಬಹುದು. ಎದೆ ಧಸಕ್ಕೆನ್ನುತ್ತದೆ. ಆದರೆ ಏನೂ ಸವೆದಿರುವುದಿಲ್ಲ. ಜೊತೆಗೆ ಕಬ್ಬಿಣ, ತವರ ಏರದೆ ತಾಮ್ರ ಒಂದೇ ಹಾರಿದ್ದರೆ, ಮುಂದಿನ ಎರಡು ಮೂರು ಆಯಿಲ್ ಚೇಂಜ್‌ನಲ್ಲಿ ಅದು ತಾನಾಗಿಯೇ ಇಳಿಯುವುದೇ ಹೆಚ್ಚು.

ಹಾಗಾಗಿ ಒಂದು ಲೋಹದ ಅಂಕಿಗೆ ಒಂಟಿಯಾಗಿ ಅರ್ಥ ಕಡಿಮೆ. ಯಾವುದರ ಜೊತೆ ಯಾವುದು ಏರಿತು ಅನ್ನುವುದೇ ಮುಖ್ಯ.

ಹೊಟ್ಟು ಕಾಣುತ್ತದೆ, ಸೀಳು ಕಾಣುವುದಿಲ್ಲ

ಆಯಿಲ್ ಪರೀಕ್ಷೆಯನ್ನು ಎಲ್ಲರೂ ರಕ್ತ ಪರೀಕ್ಷೆಗೆ ಹೋಲಿಸುತ್ತಾರೆ. ಗರಗಸದ ಕೆಳಗಿನ ಹೊಟ್ಟಿಗೆ ಹೋಲಿಸಿದರೆ ಇನ್ನೂ ಸರಿ. ಬಿದ್ದ ಹೊಟ್ಟು ನೋಡಿ ಮರ ಎಷ್ಟು ಕೊಯ್ದಿದೆ ಎಂದು ಅಂದಾಜು ಮಾಡಬಹುದು. ಅದೇ ಮರ ಕೊಡಲಿ ಏಟಿಗೆ ಸೀಳಿದರೆ? ಹೊಟ್ಟೇ ಬೀಳುವುದಿಲ್ಲ.

ಬೆಳಕು ಓದುವ ಯಂತ್ರಗಳಿಗೆ ಸಣ್ಣ ಕಣ ಮಾತ್ರ ಕಾಣುತ್ತದೆ. ಸುಮಾರು 5ರಿಂದ 10 ಮೈಕ್ರಾನ್ ದಾಟಿದ ಚೂರು ಕಿಡಿಯಲ್ಲಿ ಪೂರ್ತಿ ಸುಡುವುದಿಲ್ಲ, ಎಷ್ಟೋ ಸಲ ಕಿಡಿಯವರೆಗೆ ಬರುವುದೇ ಇಲ್ಲ. ದಿನನಿತ್ಯದ ಉಜ್ಜಾಟದಲ್ಲಿ ಉದುರುವುದು ಸಣ್ಣ ಕಣಗಳೇ, ಅವು ರಿಪೋರ್ಟಿನಲ್ಲಿ ಸಿಗುತ್ತವೆ. ಬೇರಿಂಗಿನ ಪದರ ಬಳಲಿ ಹಕ್ಕಳೆಯಂತೆ ಏಳುವಾಗ ಬೀಳುವುದು ಹತ್ತಾರು, ನೂರಾರು ಮೈಕ್ರಾನಿನ ಚೂರುಗಳು. ಅವು ಬಾಟಲಿಗೆ ಬರುವ ಮೊದಲೇ ಫಿಲ್ಟರಿನಲ್ಲಿ ಸಿಕ್ಕಿಕೊಳ್ಳುತ್ತವೆ ಅಥವಾ ಎಂಜಿನ್ ಅಡಿಯ ಆಯಿಲ್ ತೊಟ್ಟಿಯಾದ ಸಂಪಿನ ತಳ ಸೇರುತ್ತವೆ.

ರಿಪೋರ್ಟ್ ನಾರ್ಮಲ್ ಬಂದು, ತಿಂಗಳೊಪ್ಪತ್ತಿನಲ್ಲಿ ಎಂಜಿನ್ ಕೆಡುವುದು ಹೀಗೆ ಸಾಧ್ಯ. ಲ್ಯಾಬ್ ಸುಳ್ಳು ಹೇಳಿರುವುದಿಲ್ಲ. ಅದರ ಕಣ್ಣಿಗೆ ಬೀಳದ ಜಾಗದಲ್ಲಿ ಕೆಲಸ ಕೆಟ್ಟಿರುತ್ತದೆ.

ದೊಡ್ಡ ಚೂರು ಹುಡುಕಲು ಬೇರೆ ದಾರಿಗಳಿವೆ. ಕಾಂತದಿಂದ ಕಬ್ಬಿಣದ ಚೂರಿನ ಒಟ್ಟು ಪ್ರಮಾಣ ಅಳೆಯುವ ಪರೀಕ್ಷೆ ಇದೆ. ಚೂರುಗಳನ್ನು ಗಾಜಿನ ಪಟ್ಟಿಯ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆಯೂ ಇದೆ. ಸಾಮಾನ್ಯ ಪ್ಯಾಕೇಜಿನಲ್ಲಿ ಇವು ಸೇರಿರುವುದು ಅಪರೂಪ. ಎಲ್ಲಕ್ಕಿಂತ ಸರಳವಾದದ್ದು ಹಳೆ ಆಯಿಲ್ ಫಿಲ್ಟರ್ ಕೊಯ್ದು ನೋಡುವುದು. ಡಬ್ಬಿಯ ತಗಡು ಕತ್ತರಿಸಿ, ಒಳಗಿನ ಮಡಿಕೆ ಕಾಗದ ಬಿಡಿಸಿ, ಆಯಿಲ್ ಹಿಂಡಿ ಬೆಳಕಿಗೆ ಹಿಡಿಯಬೇಕು. ಒಂದೆರಡು ಮಿಣುಕು ಇದ್ದರೆ ಪರವಾಗಿಲ್ಲ. ಮಡಿಕೆ ಮಡಿಕೆಯಲ್ಲೂ ಚಕ್ಕೆ ಹೊಳೆದರೆ ಕಾರು ಚಲಾಯಿಸದೆ ಗ್ಯಾರೇಜಿಗೆ ಎಳೆಸುವುದೇ ಒಳ್ಳೆಯದು. ಕೊಯ್ಯುವಾಗ ಗರಗಸ ಬಳಸಬಾರದು. ಗರಗಸದ ಚೂರೇ ಒಳಗೆ ಬಿದ್ದು ಗಾಬರಿ ಹುಟ್ಟಿಸುತ್ತದೆ. ಅದಕ್ಕಾಗಿಯೇ ಇರುವ ಚಕ್ರದ ಕಟರ್ ಬೇಕು.

ಒಂದೇ ರಿಪೋರ್ಟಿನ ಜಗಳ

ಈ ವಿಷಯದಲ್ಲಿ ಎರಡು ಬಣ. ಕಾರು ಹುಚ್ಚಿನವರು ಪ್ರತಿ ಆಯಿಲ್ ಚೇಂಜಿಗೂ ಬಾಟಲಿ ಕಳಿಸುತ್ತಾರೆ, ಅಂಕಿಗಳನ್ನು ಪಟ್ಟಿ ಮಾಡಿ ಇಡುತ್ತಾರೆ. ಅನುಭವದ ಮೆಕ್ಯಾನಿಕ್‌ಗಳಲ್ಲಿ ಬಹಳ ಜನ ಇದನ್ನು ನೋಡಿ ನಗುತ್ತಾರೆ. "ಆ ದುಡ್ಡಲ್ಲಿ ಇನ್ನೊಂದು ಸಲ ಆಯಿಲ್ ಹಾಕಿಸಿ" ಎನ್ನುವುದು ಅವರ ವಾದ.

ಮೆಕ್ಯಾನಿಕ್‌ಗಳ ಮಾತನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಒಂದು ರಿಪೋರ್ಟಿನಲ್ಲಿ ಕಬ್ಬಿಣ 20 ಪಿಪಿಎಂ ಎಂದು ಬಂದರೆ ಅದು ಹೆಚ್ಚೋ ಕಡಿಮೆಯೋ? ಎಷ್ಟು ಕಿ.ಮೀ. ಓಡಿದ ಆಯಿಲ್ ಎಂಬುದರ ಮೇಲಿದೆ. 10,000 ಕಿ.ಮೀ.ಗೆ 20 ಎಂದರೆ ಸಾವಿರಕ್ಕೆ 2. ಇನ್ನೊಂದು ಎಂಜಿನ್ 5,000 ಕಿ.ಮೀ.ಗೆ 15 ತೋರಿಸಿದರೆ ಸಾವಿರಕ್ಕೆ 3. ಅಂಕಿ ಕಡಿಮೆ, ಸವೆತದ ವೇಗ ಜಾಸ್ತಿ.

ಅಷ್ಟಕ್ಕೇ ನಿಲ್ಲುವುದಿಲ್ಲ. ಡ್ರೈನ್ ಮಾಡಿದಾಗ ಆಯಿಲ್ ಪೂರ್ತಿ ಇಳಿಯುವುದಿಲ್ಲ. ಶೇ 10ರಿಂದ 20ರಷ್ಟು ಮೂಲೆಮುಡುಕಲ್ಲಿ ಉಳಿದೇ ಉಳಿಯುತ್ತದೆ. ಹಳೆಯದರಲ್ಲಿ 20 ಪಿಪಿಎಂ ಇದ್ದರೆ ಹೊಸ ಆಯಿಲ್ ಸೊನ್ನೆಯಿಂದ ಅಲ್ಲ, 2ರಿಂದಲೋ 4ರಿಂದಲೋ ಶುರುವಾಗುತ್ತದೆ. ಹೊಸ ಆಯಿಲಿನ ಮೊದಲ ಕೆಲವು ನೂರು ಕಿ.ಮೀ.ಯಲ್ಲಿ ಲೋಹ ಸ್ವಲ್ಪ ಹೆಚ್ಚಾಗಿಯೇ ಕಾಣುತ್ತದೆ. ಕಾರಣ, ಹೊಸ ಆಯಿಲಿನ ಶುದ್ಧಿಕಾರಕಗಳು ಲೋಹದ ಮೇಲೆ ಕಟ್ಟಿಕೊಂಡಿದ್ದ ರಕ್ಷಣಾ ಪದರವನ್ನು ಕೊಂಚ ಕಿತ್ತು ಮತ್ತೆ ಕಟ್ಟುತ್ತವೆ. ಹಾಗಾಗಿ ಬೇಗ ಬೇಗ ಆಯಿಲ್ ಬದಲಿಸಿ ರಿಪೋರ್ಟ್ ತೆಗೆಸಿದರೆ ಪ್ರತಿ ಸಾವಿರ ಕಿ.ಮೀ. ಲೆಕ್ಕ ಕೆಟ್ಟದಾಗಿ ಕಾಣಬಹುದು. ಎಂಜಿನ್ ತಪ್ಪಲ್ಲ, ಭಾಗಾಕಾರದ ತಪ್ಪು.

ಇದಕ್ಕಿಂತ ತಮಾಷೆಯದು ಆಯಿಲ್ ಕುಡಿಯುವ ಎಂಜಿನ್ನಿನ ರಿಪೋರ್ಟ್. ಐದು ಲೀಟರ್ ಹಿಡಿಯುವ ಎಂಜಿನ್ನಿಗೆ ನಡುವೆ ಎರಡು ಲೀಟರ್ ಟಾಪ್‌ಅಪ್ ಮಾಡಿದ್ದಾರೆ ಅಂದುಕೊಳ್ಳಿ. ಸವೆದ ಲೋಹದಲ್ಲಿ ಒಂದು ಪಾಲು ಆಯಿಲಿನೊಂದಿಗೇ ಹೊಗೆಯಾಗಿ ಹೋಯಿತು. ಉಳಿದದ್ದು ಹೊಸ ಆಯಿಲಿನಲ್ಲಿ ತೆಳುವಾಯಿತು. ರಿಂಗ್ ಹೋಗಿರುವ ಎಂಜಿನ್ನಿನ ರಿಪೋರ್ಟ್ ಆರೋಗ್ಯವಂತ ಎಂಜಿನ್ನಿಗಿಂತ ಚಂದ ಬರುತ್ತದೆ! ಲ್ಯಾಬಿನ ಫಾರ್ಮಿನಲ್ಲಿ "ಎಷ್ಟು ಟಾಪ್‌ಅಪ್ ಮಾಡಿದ್ದೀರಿ" ಎಂಬ ಕಾಲಂ ಇರುವುದು ಇದಕ್ಕೇ. ಬಹುಪಾಲು ಜನ ಖಾಲಿ ಬಿಡುವುದೂ ಅದನ್ನೇ.

ಮೊದಲ ಬಣದ ಉತ್ತರ ಹೀಗಿದೆ: ಒಂದು ರಿಪೋರ್ಟ್ ನೋಡಬೇಡಿ, ಅದೇ ಎಂಜಿನ್, ಅದೇ ಆಯಿಲ್, ಅದೇ ಲ್ಯಾಬ್, ನಾಲ್ಕೈದು ರಿಪೋರ್ಟ್ ಸಾಲಾಗಿ ನೋಡಿ. ಇದು ನ್ಯಾಯವಾದ ಮಾತು. ಕಬ್ಬಿಣ 14, 16, 15 ಎಂದು ಬರುತ್ತಿದ್ದದ್ದು ಒಮ್ಮೆಗೇ 38ಕ್ಕೆ ಹಾರಿದರೆ, ಆ ಎಂಜಿನ್ನಿನಲ್ಲಿ ಏನೋ ಬದಲಾಗಿದೆ. 38 ಎಂಬ ಅಂಕಿ ಬೇರೆ ಎಂಜಿನ್ನಿಗೆ ಮಾಮೂಲಾಗಿರಬಹುದು, ಅದು ಬೇರೆ ಮಾತು.

ಲ್ಯಾಬಿನ ನಿಜವಾದ ಬಲ

ಲೋಹದ ಅಂಕಿಗಳ ಮೇಲೆ ಎಲ್ಲರ ಕಣ್ಣು ನೆಟ್ಟಿರುತ್ತದೆ. ಕಾರಿನವರಿಗೆ ಈ ಪರೀಕ್ಷೆಯಿಂದ ಹೆಚ್ಚು ಲಾಭ ಇರುವುದು ರಿಪೋರ್ಟಿನ ಕೆಳಗಿನ ಅರ್ಧದಲ್ಲಿ: ಆಯಿಲಿಗೆ ಹೊರಗಿನಿಂದ ಏನು ಸೇರಿದೆ ಎಂಬ ಭಾಗದಲ್ಲಿ. ಸವೆತ ಆಗಿಹೋದದ್ದು, ತಡೆಯಲು ಆಗದು. ಕಲಬೆರಕೆ ಮುಂದಿನ ಸವೆತದ ಕಾರಣ, ಅದನ್ನು ಇವತ್ತೇ ತಡೆಯಬಹುದು.

ಧೂಳನ್ನು ನೋಡಿ. ಮಣ್ಣಿನಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಎರಡೂ ಇರುತ್ತವೆ. ಏರ್ ಫಿಲ್ಟರ್ ಸರಿಯಾಗಿ ಕೂರದೆ, ಅಥವಾ ಗಾಳಿಯ ಪೈಪಿನ ಕ್ಲ್ಯಾಂಪ್ ಸಡಿಲಾಗಿ ಧೂಳು ಒಳಗೆ ಹೋದರೆ ಇವೆರಡೂ ಒಟ್ಟಿಗೆ ಏರುತ್ತವೆ, ಹಿಂದೆಯೇ ಕಬ್ಬಿಣ. ಉದಾಹರಣೆಗೆ, ಸಿಲಿಕಾನ್ 8ರಿಂದ 30ಕ್ಕೆ, ಅಲ್ಯೂಮಿನಿಯಂ 3ರಿಂದ 9ಕ್ಕೆ, ಕಬ್ಬಿಣ 15ರಿಂದ 35ಕ್ಕೆ ಹೋಯಿತು ಎಂದರೆ ಬಾನೆಟ್ ಎತ್ತಿ ಮೊದಲು ಮುಟ್ಟಬೇಕಾದದ್ದು ಏರ್ ಫಿಲ್ಟರ್ ಡಬ್ಬಿ. ಅದೇ ಸಿಲಿಕಾನ್ ಒಂದೇ 60 ಇದ್ದು ಉಳಿದವೆಲ್ಲ ತಣ್ಣಗಿದ್ದರೆ ಗಾಬರಿ ಬೇಡ. ಹೊಸ ಎಂಜಿನ್ನಿನಲ್ಲಿ, ಅಥವಾ ಈಚೆಗೆ ಬಿಚ್ಚಿ ಜೋಡಿಸಿದ ಎಂಜಿನ್ನಿನಲ್ಲಿ, ಸಂದಿಗೆ ಹಚ್ಚಿದ ಸಿಲಿಕೋನ್ ಅಂಟು ಹೀಗೆ ಕರಗಿ ಬರುತ್ತದೆ.

ಕೂಲಂಟ್ ಸೋರಿಕೆ ಇನ್ನೊಂದು. ಎಂಜಿನ್ನಿನ ತಲೆಭಾಗದ ಸಂದಿ ಮುಚ್ಚುವ ಹೆಡ್ ಗ್ಯಾಸ್ಕೆಟ್ ಸ್ವಲ್ಪವೇ ಬಿಟ್ಟರೆ ಆಯಿಲ್ ಹಾಲು ಬೆರೆತಂತೆ ಬೆಳ್ಳಗಾಗುವುದಿಲ್ಲ. ಸೋರಿದ ನೀರು ಬಿಸಿಗೆ ಆವಿಯಾಗಿ ಹೋಗುತ್ತದೆ. ಕೂಲಂಟಿನಲ್ಲಿ ನೀರಿನ ಜೊತೆಗಿರುವ ಗ್ಲೈಕಾಲ್ ಕೂಡ ಒಡೆದುಹೋಗಬಹುದು. ಹೋಗದೆ ಉಳಿಯುವುದು ಕೂಲಂಟಿಗೆ ಬೆರೆಸಿದ್ದ ಸೋಡಿಯಂ ಮತ್ತು ಪೊಟ್ಯಾಸಿಯಂ. ಕಣ್ಣಿಗೆ ಕಾಣುವುದಕ್ಕೆ ತಿಂಗಳುಗಟ್ಟಲೆ ಮೊದಲೇ ಇವು ರಿಪೋರ್ಟಿನಲ್ಲಿ ತಲೆ ಎತ್ತಬಹುದು. ಗ್ಯಾಸ್ಕೆಟ್ ಬದಲಿಸುವುದಕ್ಕೂ, ಕೂಲಂಟ್ ಬೆರೆತು ಬೇರಿಂಗ್ ಸುಟ್ಟ ಮೇಲೆ ಎಂಜಿನ್ ಬಿಚ್ಚುವುದಕ್ಕೂ ಖರ್ಚಿನಲ್ಲಿ ಎಷ್ಟು ಅಂತರ ಅಂತ ಹೇಳಬೇಕಾಗಿಲ್ಲ. ಇಲ್ಲೂ ಒಂದು ಎಚ್ಚರ: ಕೆಲವು ಆಯಿಲ್‌ಗಳಲ್ಲೇ ಸೋಡಿಯಂ ಬೆರೆಸಿರುತ್ತಾರೆ. ಹೊಸ ಆಯಿಲಿನ ಒಂದು ಸ್ಯಾಂಪಲ್ ಹೋಲಿಕೆಗೆ ಇಟ್ಟುಕೊಂಡಿದ್ದರೆ ಈ ಅನುಮಾನ ಕೂಡಲೇ ತೀರುತ್ತದೆ.

ಮೂರನೆಯದು ಪೆಟ್ರೋಲ್. ಸಿಲಿಂಡರಿಗೇ ನೇರವಾಗಿ ಇಂಧನ ಚಿಮ್ಮಿಸುವ ಡೈರೆಕ್ಟ್ ಇಂಜೆಕ್ಷನ್ ಟರ್ಬೊ ಎಂಜಿನ್ನುಗಳಲ್ಲಿ ಇದರ ಕಾಟ ಹೆಚ್ಚು. ತಣ್ಣಗಿನ ಎಂಜಿನ್ನಿನಲ್ಲಿ ಪೆಟ್ರೋಲ್ ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಗೆ ಬಡಿದು, ರಿಂಗ್ ದಾಟಿ ಸಂಪಿಗೆ ಇಳಿಯುತ್ತದೆ. ದೂರ ಓಡಿಸಿದರೆ ಆಯಿಲ್ ಬಿಸಿಯಾಗಿ ಅದು ಆವಿಯಾಗುತ್ತದೆ. ದಿನಾ ಎರಡು ಮೂರು ಕಿ.ಮೀ. ಓಡಿಸಿ ನಿಲ್ಲಿಸುವ ಕಾರಿನಲ್ಲಿ ಅಲ್ಲೇ ಉಳಿಯುತ್ತದೆ. 2018ರಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಎಂಜಿನ್ ಬಗ್ಗೆ ಚಳಿ ಪ್ರದೇಶಗಳಲ್ಲಿ ಎದ್ದ ದೂರು ಇದೇ.

ಇದರ ಲಕ್ಷಣವೊಂದು ಮಾಲೀಕರನ್ನು ಏಮಾರಿಸುತ್ತದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಮಟ್ಟ ಒಂಚೂರೂ ಇಳಿದಿಲ್ಲ, ಬದಲಿಗೆ ಮೇಲಿನ ಗೆರೆಯನ್ನೂ ದಾಟಿದೆ. "ನಮ್ಮ ಗಾಡಿ ಒಂದು ಹನಿ ಆಯಿಲ್ ಕುಡಿಯಲ್ಲ" ಎಂದು ಖುಷಿಪಡುತ್ತಾರೆ. ಕಡ್ಡಿಯ ತುದಿ ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಆಯಿಲ್ ತೆಳುವಾಗಿದೆ, ಬೇರಿಂಗಿನ ಪದರವೂ ತೆಳುವಾಗಿದೆ. 20ರ ದರ್ಜೆಯ ಆಯಿಲಿನ ಪದರ ಮೊದಲೇ ತೆಳು, ಇನ್ನೂ ತೆಳುವಾದರೆ ತಡೆಯಲು ಜಾಗ ಕಡಿಮೆ.

ಲ್ಯಾಬ್ ಕೊಡುವ ಪೆಟ್ರೋಲಿನ ಶೇಕಡಾವಾರು ಅಂಕಿಯನ್ನು ಯಾವ ವಿಧಾನದಿಂದ ತೆಗೆದರು ಎಂದು ಕೇಳಬೇಕು. ಆಯಿಲ್ ಎಷ್ಟು ಬಿಸಿಗೆ ಹೊತ್ತಿಕೊಳ್ಳುತ್ತದೆ ಎಂದು ನೋಡಿ ಮಾಡುವ ಅಂದಾಜು ಅಗ್ಗ, ಒರಟು. ಬೆರೆತದ್ದನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಫಿ ದುಬಾರಿ, ಕರಾರುವಾಕ್ಕು. ಒಂದೇ ಬಾಟಲಿಗೆ ಎರಡು ವಿಧಾನದ ಉತ್ತರ ಬೇರೆ ಬೇರೆ ಬರುವುದುಂಟು.

ಆಯಿಲ್ ಬದಲಿಸುವ ಅವಧಿಯ ವಾದ

ಅವಧಿ ಹಿಗ್ಗಿಸಬಹುದೇ ಎನ್ನುವವರು ನೋಡಬೇಕಾದದ್ದು ಬೇಸ್ ನಂಬರ್. ಇಂಧನ ಉರಿದಾಗ ಆಮ್ಲಗಳು ಹುಟ್ಟುತ್ತವೆ. ಅವನ್ನು ಕೊಲ್ಲಲು ಆಯಿಲಿನಲ್ಲಿ ಕ್ಷಾರ ಬೆರೆಸಿರುತ್ತಾರೆ. ಆ ಕ್ಷಾರ ಎಷ್ಟು ಉಳಿದಿದೆ ಎಂಬುದೇ ಬೇಸ್ ನಂಬರ್. ಹೊಸ ಆಯಿಲಿನಲ್ಲಿ 8 ಇದ್ದದ್ದು 4ಕ್ಕೆ ಇಳಿಯುವುದು ಬಹಳ ಕಡೆ ಎಚ್ಚರಿಕೆಯ ಗೆರೆ. ಅದು ಇಳಿಯುತ್ತ ಆಮ್ಲದ ಅಂಕಿ ಏರುತ್ತ ಎರಡೂ ಒಂದನ್ನೊಂದು ದಾಟಿದರೆ ಆಯಿಲಿನ ಕೆಲಸ ಮುಗಿಯಿತು ಎಂದೇ ಲೆಕ್ಕ.

ಅಂಕಿ ಚೆನ್ನಾಗಿದ್ದರೆ ಅವಧಿ ಹಿಗ್ಗಿಸಿ ಎನ್ನುವುದು ಒಂದು ಪಕ್ಷ. ಲಾರಿ, ಜನರೇಟರ್, ಹಡಗು, ಲೋಕೋಮೋಟಿವ್ ನಡೆಸುವವರು ಹೀಗೇ ಮಾಡುತ್ತಾರೆ. ನೂರಾರು ಲೀಟರ್ ಹಿಡಿಯುವ ಎಂಜಿನ್ನಿನಲ್ಲಿ ಒಂದು ಆಯಿಲ್ ಚೇಂಜ್ ಉಳಿದರೆ ಹತ್ತಾರು ಪರೀಕ್ಷೆಯ ಖರ್ಚು ಹುಟ್ಟುತ್ತದೆ. ಒಂದೇ ಮಾದರಿಯ ನೂರು ಎಂಜಿನ್ ಇರುವುದರಿಂದ ಹೋಲಿಕೆಗೂ ಕೊರತೆಯಿಲ್ಲ. ನಾಲ್ಕೈದು ಲೀಟರ್ ಹಿಡಿಯುವ ಕಾರಿನಲ್ಲಿ ಈ ಲೆಕ್ಕ ತಲೆಕೆಳಗು. ಪರೀಕ್ಷೆ ಮಾಡಿಸಿ ಉಳಿಸುವ ಆಯಿಲಿಗಿಂತ ಪರೀಕ್ಷೆಯೇ ತುಟ್ಟಿಯಾಗಬಹುದು. ಉಳಿತಾಯಕ್ಕಾಗಿ ಆಯಿಲ್ ಟೆಸ್ಟ್ ಮಾಡಿಸುತ್ತೇನೆ ಎನ್ನುವ ಕಾರು ಮಾಲೀಕರ ಲೆಕ್ಕ ಬಹುತೇಕ ಕೂಡಿಬರುವುದಿಲ್ಲ.

ಕಾರು ಕಂಪನಿಗಳ ನಿಲುವು ಬೇರೆಯೇ. ಮ್ಯಾನ್ಯುಯಲ್‌ನಲ್ಲಿ ಬರೆದ ಅವಧಿ ಮೀರಿದರೆ, ಲ್ಯಾಬ್ ಏನೇ ಹೇಳಲಿ, ವಾರಂಟಿ ವಿಚಾರದಲ್ಲಿ ತಕರಾರು ಬರುವ ಸಾಧ್ಯತೆ ಇದೆ. ಡ್ಯಾಶ್‌ಬೋರ್ಡಿನಲ್ಲಿ ಕಾಣುವ "ಆಯಿಲ್ ಲೈಫ್ ಶೇ 40" ನೋಡಿ ಕಾರೇ ಆಯಿಲ್ ಪರೀಕ್ಷೆ ಮಾಡುತ್ತಿದೆ ಅಂದುಕೊಳ್ಳುವವರೂ ಇದ್ದಾರೆ. ಬಹುತೇಕ ಕಾರುಗಳಲ್ಲಿ ಅದು ಬರೀ ಲೆಕ್ಕಾಚಾರ. ಎಂಜಿನ್ ಎಷ್ಟು ಸುತ್ತು ತಿರುಗಿತು, ಎಷ್ಟು ಸಲ ತಣ್ಣಗೆ ಸ್ಟಾರ್ಟ್ ಆಯಿತು, ಬಿಸಿ ಎಷ್ಟಿತ್ತು ಎಂದು ಕೂಡಿಸಿ ಕಳೆದು ಹೇಳುವ ಸಂಖ್ಯೆ. ಆಯಿಲನ್ನು ಅದು ಮುಟ್ಟಿಯೂ ನೋಡಿರುವುದಿಲ್ಲ.

ರಿಪೋರ್ಟ್ ಹಿಡಿದು ಎರಡು ಬ್ರ್ಯಾಂಡ್‌ಗಳನ್ನು ಹೋಲಿಸುವುದಂತೂ ಕಾಲಹರಣ. ಒಂದರಲ್ಲಿ ಕಬ್ಬಿಣ 14, ಇನ್ನೊಂದರಲ್ಲಿ 17. ಒಂದೇ ಸ್ಯಾಂಪಲನ್ನು ಎರಡು ಸಲ ಅಳೆದರೂ ಇಷ್ಟು ವ್ಯತ್ಯಾಸ ಬರಬಹುದು. ನಡುವೆ ಹವೆ, ದಾರಿ, ಓಡಿಸುವ ಕೈ ಎಲ್ಲವೂ ಬದಲಾಗಿರುತ್ತದೆ. ಇಷ್ಟರ ಮೇಲೆ ಯಾವ ಆಯಿಲ್ ಮೇಲು ಎಂದು ತೀರ್ಪು ಕೊಡುವುದು ನಾಣ್ಯ ಚಿಮ್ಮಿದಂತೆಯೇ.

ಹಾಗಾದರೆ ಯಾರು ಕಳಿಸಬೇಕು?

ಎಂಜಿನ್ ಮೇಲೆ ನಿರ್ದಿಷ್ಟ ಅನುಮಾನ ಇರುವವರು. ಕೂಲಂಟ್ ಮಟ್ಟ ಸದ್ದಿಲ್ಲದೆ ಇಳಿಯುತ್ತಿದೆ, ಎಲ್ಲಿ ಸೋರುತ್ತಿದೆ ಗೊತ್ತಿಲ್ಲ. ಡಿಪ್‌ಸ್ಟಿಕ್‌ನಲ್ಲಿ ಪೆಟ್ರೋಲ್ ವಾಸನೆ. ಧೂಳಿನ ದಾರಿಯಲ್ಲಿ ಓಡುವ ಗಾಡಿ, ಏರ್ ಫಿಲ್ಟರ್ ಮೇಲೆ ನಂಬಿಕೆ ಇಲ್ಲ. ಇಂಥ ಕಡೆ ಒಂದು ಬಾಟಲಿ ಬಹಳ ಹೇಳುತ್ತದೆ. ಕಾರನ್ನು ಹತ್ತು ಹದಿನೈದು ವರ್ಷ ಇಟ್ಟುಕೊಳ್ಳುವವರು ವರ್ಷಕ್ಕೊಂದು ರಿಪೋರ್ಟ್ ಕೂಡಿಡುವುದಕ್ಕೂ ಅರ್ಥ ಇದೆ. ಹಳೆ ಕಾರು ಕೊಳ್ಳುವವರಿಗೂ ಉಪಯೋಗ ಇದೆ. ಆದರೆ ಮಾರುವವರು ಹೋದ ವಾರವೇ ಆಯಿಲ್ ಬದಲಿಸಿದ್ದರೆ ಬಾಟಲಿಯಲ್ಲಿ ಹೋಗುವುದು ಹೊಸ ಆಯಿಲ್. ಅದರಲ್ಲಿ ಏನೂ ಸಿಗದು.

ಸ್ಯಾಂಪಲ್ ತೆಗೆಯುವುದರಲ್ಲಿ ಅರ್ಧ ಫಲಿತಾಂಶ ಅಡಗಿದೆ. ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಡ್ರೈನ್ ಬೋಲ್ಟ್ ಬಿಚ್ಚುವ ಮೊದಲು ಸುತ್ತಲಿನ ಮಣ್ಣು ಒರೆಸಬೇಕು. ಮೊದಲು ಬರುವ ಆಯಿಲನ್ನು ಬಿಟ್ಟುಬಿಡಬೇಕು, ತಳದ ಗಸಿ ಬರುವುದು ಅದರಲ್ಲೇ. ನಡುವಿನ ಧಾರೆಗೆ ಒಣಗಿದ, ಶುದ್ಧ ಬಾಟಲಿ ಹಿಡಿದು, ಕೂಡಲೇ ಮುಚ್ಚಳ ಬಿಗಿಯಬೇಕು. ಡ್ರೈನ್ ತಟ್ಟೆಯಿಂದ ತೋಡಿ ತುಂಬಿಸಿದರೆ ಹಿಂದಿನ ಗಾಡಿಯ ಆಯಿಲಿನ ರಿಪೋರ್ಟೂ ಇದರಲ್ಲೇ ಸೇರಿ ಬರುತ್ತದೆ.

ರೀಕಾಲ್ ಆದ ಎಂಜಿನ್ನಿಗೆ ಬಾಟಲಿ ನೆರವಾಗುತ್ತದೆಯೇ?

ಸ್ವಲ್ಪ ಮಾತ್ರ. ಶಾಫ್ಟಿನ ಮೈ ಒರಟಾಗಿ ಬೇರಿಂಗ್ ನಿಧಾನವಾಗಿ ಸವೆಯುತ್ತಿದ್ದರೆ ಸಾಲು ರಿಪೋರ್ಟುಗಳಲ್ಲಿ ಬೇರಿಂಗ್ ಲೋಹ ಮೆಲ್ಲನೆ ಏರುವುದು ಕಾಣಬಹುದು. ಆಯಿಲ್ ದಾರಿಯಲ್ಲಿ ಉಳಿದ ಕಸದ ಚೂರೊಂದು ಹೊರಟು ಬೇರಿಂಗಿಗೆ ಹೊಕ್ಕರೆ ಹಾಗಲ್ಲ. ಟೊಯೋಟಾ 2024ರಲ್ಲಿ ಇಂಥದೇ ಕಾರಣಕ್ಕೆ, ಅಂದರೆ ತಯಾರಿಕೆಯಲ್ಲಿ ಎಂಜಿನ್ನೊಳಗೆ ಉಳಿದ ಲೋಹದ ಚೂರಿಗಾಗಿ, ಅಮೆರಿಕದಲ್ಲಿ ಸುಮಾರು 1 ಲಕ್ಷ ಟಂಡ್ರಾ ಮತ್ತು ಲೆಕ್ಸಸ್ ಎಲ್‌ಎಕ್ಸ್ ವಾಹನಗಳನ್ನು ವಾಪಸ್ ಕರೆಸಿತ್ತು. ಕಳೆದ ಆಯಿಲ್ ಚೇಂಜಿನಲ್ಲಿ ತೆಗೆದ ಸ್ಯಾಂಪಲಿಗೆ, ಇನ್ನೂ ಜಾಗ ಬಿಟ್ಟು ಅಲುಗದ ಚೂರಿನ ಸುಳಿವು ಇರುವುದಿಲ್ಲ.

ಇಂಥ ಗಾಡಿ ಇರುವವರು ಮೊದಲು ಮಾಡಬೇಕಾದದ್ದು ಚಾಸಿ ನಂಬರ್ ಹಾಕಿ ರೀಕಾಲ್ ಪಟ್ಟಿಯಲ್ಲಿ ಇದೆಯೇ ಎಂದು ನೋಡುವುದು. ಇದ್ದರೆ ಪರಿಶೀಲನೆ ಮಾಡಿಸಿ, ಹೇಳಿದ ದರ್ಜೆಯ ಆಯಿಲನ್ನೇ ಹಾಕಿಸಿ, ಬಿಲ್ ಜೋಪಾನವಾಗಿಡುವುದು. ಅಷ್ಟಾದ ಮೇಲೂ ಮನಸ್ಸಿಗೆ ಸಮಾಧಾನ ಇಲ್ಲದಿದ್ದರೆ ಮುಂದಿನ ಆಯಿಲ್ ಚೇಂಜಿನಲ್ಲಿ ಬಾಟಲಿ ಲ್ಯಾಬಿಗೆ ಹೋಗಲಿ. ಹಳೆ ಫಿಲ್ಟರನ್ನು ಕಸದ ಬುಟ್ಟಿಗೆ ಹಾಕುವ ಮುಂಚೆ ಕೊಯ್ದು ನೋಡಲಿ.